ಬೇಬಿ ಕಾರ್ನ್ ದಂಟಿನಿಂದ ರಸಮೇವು: ಎರಡು ಮೂರು ಹಸು ಇರುವವರಿಗೆ

ಚಿಕ್ಕಬಳ್ಳಾಪುರದ ಸುತ್ತಮುತ್ತ ಬೇಬಿ ಕಾರ್ನ್ ಬೆಳೆಯುವವರು ತೆನೆ ಮುರಿದ ಮೇಲೆ ಉಳಿಯುವ ಹಸಿರು ದಂಟನ್ನು ಹೊಲದಲ್ಲೇ ಒಣಗಲು ಬಿಡದೆ, ರಸಮೇವು (ಗಾಳಿಯಾಡದಂತೆ ಹುಳಿಸಿ ಕಾಪಿಟ್ಟ ಹಸಿರು ಮೇವು, ಸೈಲೇಜ್) ಮಾಡಿಟ್ಟುಕೊಂಡರೆ ಬೇಸಿಗೆಗೆ ಒದಗುತ್ತದೆ. ಇದಕ್ಕೆ ಗುಂಡಿ ತೋಡಬೇಕಾಗಿಲ್ಲ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಸಾಕು.

ದಂಟನ್ನು 2–3 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಕೆಲವು ಗಂಟೆ ಬಾಡಿಸಿ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿಯಿದೆ ಎಂದರ್ಥ. 100 ಕೆ.ಜಿ. ಮೇವಿಗೆ ಸುಮಾರು 1 ಕೆ.ಜಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅರ್ಧ ಕೆ.ಜಿ. ಉಪ್ಪಿನೊಂದಿಗೆ ಡ್ರಮ್‌ಗೆ ತುಂಬುವ ಮೇವಿನ ಮೇಲೆ ಪದರ ಪದರವಾಗಿ ಚಿಮುಕಿಸುತ್ತಾ, ಪ್ರತಿ ಪದರವನ್ನೂ ಕಾಲಿನಿಂದ ಚೆನ್ನಾಗಿ ತುಳಿಯಿರಿ. ತುಳಿಯುವುದರಲ್ಲಿ ಸೋಮಾರಿತನ ಮಾಡಿದರೆ ಬೆಲ್ಲವೂ ವ್ಯರ್ಥ, ಏಕೆಂದರೆ ಗಾಳಿಯಿಲ್ಲದೆಡೆ ಮಾತ್ರ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಮೇವನ್ನು ಕೆಡದಂತೆ ಕಾಯುತ್ತವೆ.

ಮುಚ್ಚಳ ಬಿಗಿಯಾಗಿ ಹಾಕಿಟ್ಟು, ಸುಮಾರು 45 ದಿನಗಳ ನಂತರ ತೆರೆದಾಗ ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ವಾಸನೆ ಇರಬೇಕು. ಬೂಷ್ಟು ಹಿಡಿದ ಭಾಗವನ್ನು ತಿನ್ನಿಸಬೇಡಿ. ಮೊದಲು ದಿನಕ್ಕೆ 3–5 ಕೆ.ಜಿ.ಯಿಂದ ಆರಂಭಿಸಿ, ರಾಗಿ ಹುಲ್ಲಿನ ಜೊತೆ ಬೆರೆಸಿ ಕೊಡಿ. ಹಾಲಿಗೆ ವಾಸನೆ ಹತ್ತದಂತೆ ಕರೆದ ನಂತರವೇ ಹಾಕುವುದು ಉತ್ತಮ.