ಪೈಥಾನ್ ಕ್ಲಾಸ್‌ನ ಆಟ್ರಿಬ್ಯೂಟ್‌ಗಳಿಗೆ ಕಾವಲು: ನಾನು ಮಾಡುವ ಕ್ರಮ

ಹೊಸ ಕ್ಲಾಸ್ (ಆಬ್ಜೆಕ್ಟ್‌ಗಳ ಅಚ್ಚು) ಬರೆಯುವಾಗ ಎಲ್ಲ ಆಟ್ರಿಬ್ಯೂಟ್‌ಗಳನ್ನೂ (ಆಬ್ಜೆಕ್ಟ್ ಹೊತ್ತಿರುವ ಮೌಲ್ಯಗಳನ್ನು) ಮೊದಲು ತೆರೆದೇ ಇಡುತ್ತೇನೆ, ಯಾರು ಬೇಕಾದರೂ ನೇರವಾಗಿ ಮುಟ್ಟಬಹುದು. ಜಾವಾದಿಂದ ಬಂದವರು ಪ್ರತಿಯೊಂದಕ್ಕೂ ಗೆಟ್ಟರ್ (ಮೌಲ್ಯ ಓದಿಕೊಡುವ ಮೆಥಡ್), ಸೆಟ್ಟರ್ (ಹೊಸ ಮೌಲ್ಯ ಇಡುವ ಮೆಥಡ್) ಬರೆದಿಡುತ್ತಾರೆ. ಅಲ್ಲಿ ಅದು ಸರಿಯೇ. ಫೀಲ್ಡನ್ನು (ಆಟ್ರಿಬ್ಯೂಟ್‌ಗೆ ಜಾವಾದ ಹೆಸರು) ಆಮೇಲೆ ಮೆಥಡ್ ಮಾಡಿದರೆ ಅದನ್ನು ಬಳಸಿದ ಕೋಡನ್ನೆಲ್ಲ ತಿದ್ದಬೇಕಾಗುತ್ತದೆ. ಪೈಥಾನ್‌ನಲ್ಲಿ ಪ್ರಾಪರ್ಟಿ (ಹೊರಗೆ ಆಟ್ರಿಬ್ಯೂಟ್‌ನಂತೆ ಕಂಡರೂ ಒಳಗೆ ಮೆಥಡ್ ಓಡಿಸುವ ಸೌಲಭ್ಯ) ಇರುವುದರಿಂದ ಆ ಕಷ್ಟವಿಲ್ಲ.

‘ಖಾತೆ’ ಎಂಬ ಕ್ಲಾಸ್, ಅದರ ಆಬ್ಜೆಕ್ಟ್ ‘ಖಾ’ ಎಂದಿಟ್ಟುಕೊಳ್ಳಿ (ಪೈಥಾನ್ 3 ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ). ಶೇಷ ಸೊನ್ನೆಗಿಂತ ಕೆಳಗಿಳಿಯಬಾರದು ಎಂಬ ನಿಯಮ ಬಂತು. ಆಗ ಮೊತ್ತವನ್ನು ‘_ಶೇಷ’ದಲ್ಲಿಟ್ಟು (ಮುಂದಿನ ಅಂಡರ್‌ಸ್ಕೋರ್ ‘ಇದು ಒಳಬಳಕೆಗೆ’ ಎಂಬ ಸೂಚನೆ), ‘ಶೇಷ’ ಎಂಬ ಮೆಥಡ್‌ಗೆ ಪ್ರಾಪರ್ಟಿ ಡೆಕೊರೇಟರ್ (ಮೆಥಡ್‌ನ ಮೇಲಿನ ಸಾಲಲ್ಲಿ ಬರೆಯುವ @property) ಹಾಕಿ, ಅದೇ ಹೆಸರಲ್ಲಿ ಸೆಟ್ಟರ್ ಬರೆಯುತ್ತೇನೆ. ಋಣ ಸಂಖ್ಯೆ ಬಂದರೆ ವ್ಯಾಲ್ಯೂಎರರ್. ‘ಖಾ.ಶೇಷ’ ಎಂದು ಬಳಸಿದ ಕಡೆ ಏನೂ ಬದಲಾಗುವುದಿಲ್ಲ. ಸೆಟ್ಟರ್ ಬರೆಯದೆ ಬಿಟ್ಟರೆ ಓದಲು ಮಾತ್ರ ಸಿಗುತ್ತದೆ.

ಸೆಟ್ಟರ್ ಒಳಗೆ ‘_ಶೇಷ’ದ ಬದಲು ‘ಶೇಷ’ಕ್ಕೇ ಬರೆದರೆ ಅದು ತನ್ನನ್ನೇ ಕರೆಯುತ್ತ ಹೋಗಿ ರಿಕರ್ಷನ್‌ಎರರ್‌ನಲ್ಲಿ ನಿಲ್ಲುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್‌ನಲ್ಲಿ) ಮಾತ್ರ ಇದು ತಿರುವುಮುರುವು: ಅಲ್ಲಿ ‘ಶೇಷ’ಕ್ಕೇ ಬರೆಯಬೇಕು, ಇಲ್ಲದಿದ್ದರೆ -500 ಶೇಷದ ಖಾತೆ ಹುಟ್ಟುವಾಗಲೇ ತಪಾಸಣೆ ತಪ್ಪಿಸಿಕೊಳ್ಳುತ್ತದೆ.

ಎರಡು ಅಂಡರ್‌ಸ್ಕೋರ್ ಹಾಕಿದರೆ ಭದ್ರ ಎಂದು ಹಲವರ ನಂಬಿಕೆ. ‘__ಶೇಷ’ ಒಳಗೊಳಗೆ ‘_ಖಾತೆ__ಶೇಷ’ ಆಗುತ್ತದೆ, ಅಷ್ಟೇ. ಆ ಹೆಸರು ಗೊತ್ತಿದ್ದವರು ಆರಾಮವಾಗಿ ಮುಟ್ಟಬಹುದು. ಅದು ಇರುವುದು ಸಬ್‌ಕ್ಲಾಸ್‌ನ (ಇದರಿಂದ ಹುಟ್ಟಿದ ಕ್ಲಾಸ್‌ನ) ಆಟ್ರಿಬ್ಯೂಟ್ ಹೆಸರಿನೊಂದಿಗೆ ಡಿಕ್ಕಿಯಾಗದಿರಲಿ ಎಂದು. ನನಗೆ ಒಂದೇ ಅಂಡರ್‌ಸ್ಕೋರ್ ಸಾಕು.

ನಿಜವಾದ ಸೋರಿಕೆ ಇರುವುದು ಲಿಸ್ಟ್‌ನಲ್ಲಿ. ‘ವಹಿವಾಟು’ ಎಂಬ ಪ್ರಾಪರ್ಟಿ ಒಳಗಿನ ಲಿಸ್ಟನ್ನೇ ಹಿಂದಿರುಗಿಸಿದರೆ, ಹೊರಗಿನವರು ಅದಕ್ಕೆ ಅಪೆಂಡ್ ಮಾಡಬಹುದು (ಕೊನೆಗೆ ಹೊಸದನ್ನು ಸೇರಿಸಬಹುದು). ಅಪೆಂಡ್ ಎಂದರೆ ಅಸೈನ್‌ಮೆಂಟ್ ಅಲ್ಲ, ಹಾಗಾಗಿ ಸೆಟ್ಟರ್ ಓಡುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಅದಕ್ಕೇ ಟಪಲ್ (ಬದಲಾಯಿಸಲಾಗದ ಪಟ್ಟಿ) ಮಾಡಿ ಕೊಡುತ್ತೇನೆ. ಒಳಬರುವಾಗಲೂ ಅಷ್ಟೇ: ಸೆಟ್ಟರ್‌ಗೆ ಬಂದ ಲಿಸ್ಟನ್ನು ಕಾಪಿ ಮಾಡಿಟ್ಟುಕೊಳ್ಳಬೇಕು, ಏಕೆಂದರೆ ಕೊಟ್ಟವರ ಕೈಯಲ್ಲೂ ಅದೇ ಲಿಸ್ಟ್ ಉಳಿದಿರುತ್ತದೆ. ಟಪಲ್ ಒಳಗಿನ ಆಬ್ಜೆಕ್ಟ್‌ಗಳು ಬದಲಾಗುವಂಥವಾದರೆ ಅವಕ್ಕೆ ಬೇರೆಯೇ ಕಾವಲು ಬೇಕು.

ಇನ್ನು ಕಾಗುಣಿತದ ತಪ್ಪು. ‘ಖಾ.ಶೇಶ = 100’ ಎಂದರೆ ಪೈಥಾನ್ ಸದ್ದಿಲ್ಲದೆ ಹೊಸ ಆಟ್ರಿಬ್ಯೂಟ್ ಸೃಷ್ಟಿಸುತ್ತದೆ. ಕ್ಲಾಸ್‌ನಲ್ಲಿ ಸ್ಲಾಟ್ಸ್ (__slots__, ಇಷ್ಟೇ ಆಟ್ರಿಬ್ಯೂಟ್‌ಗಳು ಎಂಬ ಪಟ್ಟಿ) ಘೋಷಿಸಿದರೆ ಅಲ್ಲೇ ಆಟ್ರಿಬ್ಯೂಟ್‌ಎರರ್ ಬರುತ್ತದೆ. ಆದರೆ ಪೇರೆಂಟ್ ಕ್ಲಾಸ್‌ಗಳಲ್ಲಿ ಒಂದಕ್ಕೆ ಸ್ಲಾಟ್ಸ್ ಇಲ್ಲದಿದ್ದರೂ ಆಬ್ಜೆಕ್ಟ್‌ಗೆ ಡಿಕ್ಷನರಿ (ಯಾವ ಹೊಸ ಹೆಸರನ್ನೂ ಸೇರಿಸಿಕೊಳ್ಳುವ ಆಟ್ರಿಬ್ಯೂಟ್ ಸಂಗ್ರಹ) ಮರಳಿ ಬರುತ್ತದೆ, ತಪ್ಪು ಹೆಸರು ಮತ್ತೆ ನುಸುಳುತ್ತದೆ.