ಪ್ರಾಕ್ಸಿ: ಯಾವ ವಿಳಾಸ ಯಾವ ಪೆಟ್ಟಿಗೆಗೆ?

ಪ್ರಾಕ್ಸಿ (ನಿಮ್ಮ ಪರವಾಗಿ ನೆಟ್‌ಗೆ ಹೋಗಿಬರುವ ನಡುವಿನ ಸರ್ವರ್) ವಿಳಾಸ ಸಿಕ್ಕಿದ ಕೂಡಲೇ ಫೈರ್‌ಫಾಕ್ಸ್‌ನ ಪ್ರಾಕ್ಸಿ ಸೆಟ್ಟಿಂಗ್ಸ್‌ನಲ್ಲಿ ಕಂಡ ಪೆಟ್ಟಿಗೆಗಳಿಗೆಲ್ಲ ಅದನ್ನೇ ತುಂಬಿ, ಆಮೇಲೆ 'ನೆಟ್ ಬರ್ತಿಲ್ಲ' ಎಂದು ಫೋನ್ ಮಾಡುವವರು ನನಗೆ ಬಹಳ ಜನ ಸಿಕ್ಕಿದ್ದಾರೆ.

ಹಂತ 1: ಕೆಲಸ ಏನೆಂದು ನೋಡಿ. ಆಫೀಸಿನ ನೆಟ್‌ನಲ್ಲಿ ವೆಬ್‌ಸೈಟ್ ತೆರೆದರೆ ಸಾಕು ಅಂದರೆ ಎಚ್‌ಟಿಟಿಪಿ ಪ್ರಾಕ್ಸಿ. ಟೊರೆಂಟ್, ಚಾಟ್ ಆ್ಯಪ್ ಇತ್ಯಾದಿಗೂ ಬೇಕೆಂದರೆ ಸಾಕ್ಸ್, ಅಂದರೆ ವೆಬ್ ಪುಟಗಳಲ್ಲದೆ ಬೇರೆ ಆ್ಯಪ್‌ಗಳ ಸಂಪರ್ಕವನ್ನೂ ದಾಟಿಸುವ ಪ್ರಾಕ್ಸಿ.

ಹಂತ 2: ಪೋರ್ಟ್, ಅಂದರೆ ವಿಳಾಸದ ಜೊತೆ ಕೊಡುವ ಸಂಖ್ಯೆ ನೋಡಿ. 3128 ಅಥವಾ 8080 ಇದ್ದರೆ ಸಾಮಾನ್ಯವಾಗಿ ಎಚ್‌ಟಿಟಿಪಿ, 1080 ಇದ್ದರೆ ಸಾಕ್ಸ್. ಇದು ಬರೀ ರೂಢಿ. ಅನುಮಾನ ಬಂದರೆ ವಿಳಾಸ ಕೊಟ್ಟವರನ್ನೇ ಕೇಳಿ.

ಹಂತ 3: ಸೆಟ್ಟಿಂಗ್ಸ್ ತುಂಬಿ. ಎಲ್ಲರೂ ಎಡವುವುದು ಇಲ್ಲೇ. 'ಎಚ್‌ಟಿಟಿಪಿಎಸ್ ಪ್ರಾಕ್ಸಿ' ಎಂಬ ಪೆಟ್ಟಿಗೆ ಕಂಡು, ಪ್ರಾಕ್ಸಿವರೆಗಿನ ದಾರಿಗೂ ಬೀಗ ಬಿತ್ತು ಅಂದುಕೊಳ್ಳಬೇಡಿ. ಎಚ್‌ಟಿಟಿಪಿಎಸ್ ಸೈಟುಗಳಿಗೆ ಯಾವ ಪ್ರಾಕ್ಸಿ ಬಳಸಬೇಕು ಅನ್ನುವುದಷ್ಟೇ ಅದರ ಅರ್ಥ. ಸಾಕ್ಸ್ ವಿಳಾಸವಾದರೆ ಕೆಳಗಿನ 'ಸಾಕ್ಸ್ ಹೋಸ್ಟ್' ಪೆಟ್ಟಿಗೆಗೆ ಮಾತ್ರ ಹಾಕಿ, ಉಳಿದವನ್ನು ಖಾಲಿ ಬಿಡಿ.

ಪಕ್ಕದಲ್ಲೇ ವಿ4, ವಿ5 ಅಂತ ಸಾಕ್ಸ್‌ನ ಎರಡು ಆವೃತ್ತಿಗಳ ಆಯ್ಕೆ ಇದೆ. ಕಣ್ಣು ಮುಚ್ಚಿಕೊಂಡು ವಿ5 ಆರಿಸಿ. ಅದು 1996ರಲ್ಲೇ ಬಂದಿದೆ. ವಿ4ರಲ್ಲಿ ಪಾಸ್‌ವರ್ಡ್ ಇಲ್ಲ, ಯುಡಿಪಿ (ಕರೆ, ಆಟಗಳಂಥವು ಬಳಸುವ ಸಾಗಣೆ ವಿಧಾನ) ಇಲ್ಲ, ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಕೂಡ ಇಲ್ಲ.

ಇನ್ನೊಂದು ಟಿಕ್ ಬಾಕಿ ಇದೆ: ಡಿಎನ್‌ಎಸ್ ಅನ್ನೂ (ಸೈಟಿನ ಹೆಸರು ಕೊಟ್ಟು ಅದರ ಐಪಿ ವಿಳಾಸ ಕೇಳುವ ವಿಚಾರಣೆ) ಪ್ರಾಕ್ಸಿ ಮೂಲಕ ಕಳಿಸುವುದು. ಹಳೆಯ ಫೈರ್‌ಫಾಕ್ಸ್‌ನಲ್ಲಿ ಇದನ್ನು ನಾವೇ ಹಾಕಬೇಕು. ಹಾಕದಿದ್ದರೆ ಪುಟಗಳೇನೋ ಪ್ರಾಕ್ಸಿಯಿಂದ ಬರುತ್ತವೆ, ಆದರೆ ಯಾವ ಸೈಟಿಗೆ ಹೋಗುತ್ತಿದ್ದೀರಿ ಅನ್ನುವುದು ನಿಮ್ಮ ನೆಟ್‌ನವರಿಗೆ ಗೊತ್ತಾಗುತ್ತದೆ. ಗುಟ್ಟಿನ ಪಾರ್ಸೆಲ್ಲನ್ನು ಬೇರೆಯವರ ಕೈಯಲ್ಲಿ ಕಳಿಸಿ, ಮನೆ ಎಲ್ಲಿ ಅಂತ ಬೀದಿಯಲ್ಲಿ ಕೂಗಿ ಕೇಳಿದ ಹಾಗೆ! ಕರ್ಲ್ (ಕಮಾಂಡ್ ಕೊಟ್ಟು ಪುಟ ತರಿಸುವ ಸಾಧನ) ಬಳಸುವವರು ವಿಳಾಸದ ಮುಂದೆ 'ಸಾಕ್ಸ್5' ಬದಲು 'ಸಾಕ್ಸ್5ಎಚ್' ಎಂದು ಬರೆಯಬೇಕು. ಆ ಒಂದು ಎಚ್ ಇದೇ ಕೆಲಸ ಮಾಡುತ್ತದೆ.

ಸಾಕ್ಸ್ ಏನನ್ನೂ ಎನ್‌ಕ್ರಿಪ್ಟ್ (ಬೇರೆಯವರು ಓದಲಾಗದಂತೆ ಬೀಗ) ಮಾಡುವುದಿಲ್ಲ, ಪಾಸ್‌ವರ್ಡ್ ಕೂಡ ಹಾಗೇ ಬರಿಮೈಯಲ್ಲಿ ಹೋಗುತ್ತದೆ. ಹಾಗಾಗಿ ಬಿಟ್ಟಿ ಪ್ರಾಕ್ಸಿ ಪಟ್ಟಿಗಳ ಹತ್ತಿರವೂ ಸುಳಿಯಬೇಡಿ. ನಿಮ್ಮದೇ ಒಂದು ಲಿನಕ್ಸ್ ಸರ್ವರ್ ಇದ್ದರೆ ಇಷ್ಟೆಲ್ಲ ತಲೆನೋವೇ ಬೇಡ. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಕಮಾಂಡಿಗೆ ದೊಡ್ಡಕ್ಷರದ 'ಡಿ' ಆಯ್ಕೆ, ಮುಂದೆ 1080 ಕೊಡಿ. ಬ್ರೌಸರ್‌ನ ಸಾಕ್ಸ್ ಪೆಟ್ಟಿಗೆಯಲ್ಲಿ 127.0.0.1 (ಅಂದರೆ ನಿಮ್ಮದೇ ಕಂಪ್ಯೂಟರ್), ಪೋರ್ಟ್ 1080 ಹಾಕಿ. ನಿಮ್ಮಿಂದ ಸರ್ವರ್‌ವರೆಗೆ ಎಲ್ಲವೂ ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ನಾನು ಬಳಸುವುದು ಇದನ್ನೇ.

ಹಂತ 4: ಐಪಿ ತೋರಿಸುವ ಯಾವುದಾದರೂ ಪುಟ ತೆರೆದು, ನಂಬರ್ ಬದಲಾಗಿದೆಯಾ ನೋಡಿ.

ಕೆಲಸ ಮುಗಿದ ಮೇಲೆ 'ನೋ ಪ್ರಾಕ್ಸಿ'ಗೆ ವಾಪಸ್ ಬನ್ನಿ. ಮರೆತು ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದವರದ್ದೇ ನನಗೆ ಬರುವ ಎರಡನೇ ಫೋನು.