ಹಳೇ ಪ್ರಿಂಟರಲ್ಲೇ ಕನ್ನಡ ಕೆಒಟಿ: ನನ್ನ ಅನುಭವ

ಉಡುಪಿ ರಥಬೀದಿ ಹತ್ರದ ಒಂದು ಹೋಟೆಲಿನ ಬಿಲ್ಲಿಂಗ್ ನಾನು ನೋಡಿಕೊಳ್ಳುದು, ಕೋಡ್ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮುಂಚೆ ಯಾರೋ ಬರ್ದದ್ದು. ಅಡುಗೆಯವರಿಗೆ ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಕನ್ನಡದಲ್ಲೇ ಬೇಕು ಅಂತ ಧಣಿಗಳು ಹೇಳಿದ್ರು. ಥರ್ಮಲ್ ಪ್ರಿಂಟರಲ್ಲಿ ಅದೆಲ್ಲ ಆಗುದುಂಟಾ ಅಂತ ನಮ್ಮ ಫೀಲ್ಡಿನವರೇ ನಗಾಡಿದ್ರು, ಒಬ್ರು ಡೀಲರ್ ಅಂತೂ ಹೊಸ ಮೆಷಿನಿಗೆ 25 ಸಾವಿರದ ಹತ್ರ ಹೇಳಿದ್ರು. ಈಗ ಅದೇ ಹಳೇ 80 ಎಂಎಂ ಪ್ರಿಂಟರಲ್ಲಿ ಓಡ್ತಾ ಉಂಟು.

ಟೆಕ್ಸ್ಟ್ ಕಳಿಸಿದ್ರೆ ಬರುದಿಲ್ಲ, ಅದ್ರ ಕೋಡ್ ಪೇಜಲ್ಲಿ (ಪ್ರಿಂಟರಿಗೆ ಗೊತ್ತಿರುವ ಅಕ್ಷರಗಳ ಪಟ್ಟಿ) ಕನ್ನಡವೇ ಇಲ್ಲ, ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ಅಕ್ಷರ, ಗುಣಿತ ಚಿಹ್ನೆಯ ನಂಬರ್) 3 ಬೈಟ್, ಅದನ್ನು ಮೂರು ಕಸ ಮಾಡಿ ಉಗುಳ್ತದೆ. ಹಾಗಾಗಿ ಪಿಲ್ಲೋ ಅನ್ನುವ ಪೈಥಾನಿನ ಚಿತ್ರದ ಲೈಬ್ರರಿಯಲ್ಲಿ 576 ಡಾಟ್ ಅಗಲದ ಚಿತ್ರ ಮಾಡಿ ಕಳಿಸುದು. ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಇಲ್ಲದಿದ್ರೆ ಒತ್ತಕ್ಷರ ಎಲ್ಲ ಬಿಡಿ ಬಿಡಿ, ಅದ್ರಲ್ಲೇ ನಾಲ್ಕೈದು ರೋಲ್ ಹಾಳು.

ನಿಜವಾದ ತಲೆನೋವು ಆಮೇಲೆ. ನೀರುದೋಸೆ, ಗೋಳಿಬಜೆ, ಬನ್ಸ್ ಎಲ್ಲ ಚಂದ ಬಂತು, ಐಸ್‌ಕ್ರೀಮ್ ಗಡ್‌ಬಡ್ ಮಾತ್ರ ‘ಗಡ್’, ಬ್ಯಾಕ್‌ಸ್ಲ್ಯಾಶ್, ಯು, 200ಸಿ, ಮತ್ತೆ ‘ಬಡ್’! ಎಂತ ಅಂದ್ರೆ, ಹಳೇ ಕೋಡಲ್ಲಿ ಐಟಂಗಳ ಲಿಸ್ಟನ್ನೇ ಇಡಿಯಾಗಿ ಸ್ಟ್ರಿಂಗ್ ಮಾಡಿ, ಬ್ರಾಕೆಟ್ಟು ಕೋಟು ರಿಪ್ಲೇಸ್ ಹೊಡ್ದು ತೆಗ್ದಿದ್ರು. ಹಾಗೆ ಮಾಡಿದ್ರೆ ಪೈಥಾನ್ ಲಿಸ್ಟ್ ಒಳಗಿನದ್ದಕ್ಕೆ ರೆಪರ್ ಕರೀತದೆ ಅಲ್ವಾ, ಅಂದ್ರೆ ಪ್ರೋಗ್ರಾಮರಿಗೆ ತೋರಿಸುವ ರೂಪ. ಪೈಥಾನ್ 2ರಲ್ಲಾದ್ರೆ ಪೂರ್ತಿ ಕನ್ನಡವೇ ಕೋಡಾಗ್ತಿತ್ತು, ಮೊದಲನೇ ದಿನವೇ ಸಿಕ್ಕಿಬೀಳ್ತಿತ್ತು. 2008ರ 3.0ದಿಂದ ಕಾಣುವ ಅಕ್ಷರ ಹಾಗೇ ಬಿಡ್ತದೆ, ಒತ್ತಾಗದ ಹಾಗೆ ಡ್ ಮತ್ತು ಬ ಮಧ್ಯೆ ಕೂರುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆಯನ್ನು ಮಾತ್ರ ಎಸ್ಕೇಪ್ ಮಾಡ್ತದೆ, ಅಂದ್ರೆ ಕೋಡಾಗಿ ಬರೀತದೆ. ಹಾಗಾಗಿ ಐಸ್‌ಕ್ರೀಮ್ ಕೌಂಟರಿಗೆ ಮಾತ್ರ ಈ ಗ್ರಹಚಾರ.

ಆ ಕ್ಯಾರೆಕ್ಟರನ್ನೇ ಡಿಲೀಟ್ ಮಾಡಿ ಅಂತ ಒಬ್ರ ಸಲಹೆ, ಮಾಡಿ ನೋಡಿದೆ, ‘ಗಡ್ಬಡ್’ ಅಂತ ಡಕ್ಕೆ ಬ ಒತ್ತು ಬಂತು, ಕೌಂಟರಿನವ ಚೀಟಿ ಹಿಡ್ಕೊಂಡು “ಇದೆಂತ ಅಣ್ಣಾ” ಅಂತ ಬಂದ. ಕೊನೆಗೆ ಲಿಸ್ಟನ್ನು ಸ್ಟ್ರಿಂಗ್ ಮಾಡುದು ಬಿಟ್ಟು, ಐಟಂಗಳನ್ನು ನೇರ ಜೋಡಿಸುವ ಜಾಯಿನ್ ಹಾಕಿದೆ, ಒಂದೇ ಲೈನ್, ಸರಿಯಾಯ್ತು.

ಅದೇ ಹುಚ್ಚಲ್ಲಿ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಗಡ್‌ಬಡ್ ಹಾಕಿ ನೋಡಿದೆ. ಜಾವಾಸ್ಕ್ರಿಪ್ಟಿನಲ್ಲಿ ಡೇಟಾವನ್ನು ಟೆಕ್ಸ್ಟ್ ಮಾಡುವ ಜೇಸನ್ ಸ್ಟ್ರಿಂಗಿಫೈ ಏನೂ ಮುಟ್ಟುದಿಲ್ಲ, ಗೋ ಭಾಷೆಯಲ್ಲಿ ಕೋಟ್ ಹಾಕಿ ಬರೆಯುವ ಪರ್ಸೆಂಟ್ ಕ್ಯೂ ಪೈಥಾನಿನ ಹಾಗೇ 200ಸಿ ತೋರಿಸ್ತದೆ, ಪಿಎಚ್‌ಪಿಯ ಜೇಸನ್ ಎನ್‌ಕೋಡ್ ಫ್ಲ್ಯಾಗ್ ಕೊಡದಿದ್ರೆ ಇಡೀ ಕನ್ನಡವನ್ನೇ ಕೋಡ್ ಮಾಡಿಬಿಡ್ತದೆ. ಪೈಥಾನಿನ ಜೇಸನ್ ಡಂಪ್ಸೂ ಅಷ್ಟೇ, ಕನ್ನಡ ಹಾಗೇ ಉಳಿಸುವ ಎನ್ಶೂರ್ ಆಸ್ಕಿ ಫಾಲ್ಸ್ ಮರೀಬೇಡಿ.

ಫಾಂಟ್ ಯಾವುದು, ಕಪ್ಪು ಬಿಳಿ ಮಾಡುವಾಗ ಎಷ್ಟಕ್ಕೆ ಕಟ್ ಮಾಡ್ತೇನೆ ಅಂತ ಹೇಳುದಿಲ್ಲ, ಹೊಟ್ಟೆಪಾಡು ಮಾರ್ರೆ. ನನಗೆ ಖರ್ಚಾದದ್ದು ರೋಲು, ಕೇಬಲ್ ಸೇರಿ ಹೆಚ್ಚಂದ್ರೆ ಎಂಟ್ನೂರು. ಧಣಿಗಳತ್ರ ತಗೊಂಡದ್ದು ಆರು ಸಾವಿರ, ಅದ್ರ ಮೇಲೆ ಊಟ ಫ್ರೀ.